ಬಕೆಟ್ಟಿನಲ್ಲಿ ಕೂತವರು

ಅಮಾವಾಸ್ಯೆಗೊಮ್ಮೆ ಟ್ರ್ಯಾಕ್ಟರ್ ತೊಳೆಯುವುದು ಉಚ್ಚೆಂಗಮ್ಮನ ಕೆಲಸ. ಪೂಜೆ ಮಾಡುವುದು ಗೌಡತಿಯ ಕೆಲಸ. ತೊಳೆದಾದ ಮೇಲೆ ಉಚ್ಚೆಂಗಮ್ಮ ಅಂಗಳ ಬಿಟ್ಟು ಹುಣಸೆಮರದ ಬುಡಕ್ಕೆ ಹೋಗಿ ನಿಲ್ಲಬೇಕು. ತಾನೇ ಉಜ್ಜಿದ ಕಬ್ಬಿಣವನ್ನು ಮತ್ತೆ ಮುಟ್ಟಬಾರದು. ಹಾಗಂತ ಯಾರೂ ಬಾಯಿಬಿಟ್ಟು ಹೇಳಿದ್ದಿಲ್ಲ. ಈಗಿನ ಕಾಲದಲ್ಲಿ ಯಾರು ಹೇಳುತ್ತಾರೆ ಬಿಡಿ! ಗೌಡತಿ ಚಂದ್ರಕಲಾ ಆರತಿ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಬಂದು ಸುಮ್ಮನೆ ನಿಲ್ಲುತ್ತಾಳೆ. ಉಚ್ಚೆಂಗಮ್ಮ ಸರಿಯುವ ತನಕ ಕೆಳಗೆ ಇಳಿಯುವುದಿಲ್ಲ. ಅಷ್ಟು ಸಾಕು, ಅರ್ಥವಾಗುತ್ತದೆ.

ಆ ತೊಳೆಯುವ ಕೆಲಸದಲ್ಲೇ ಅವಳಿಗೆ ಕೆಂಪು ಗೆರೆ ಕಂಡದ್ದು.

ಕಂಪ್ಲಿ ಕಡೆಗೆ ಹೋಗುವ ಕಾಲುವೆಯ ದಂಡೆಗೆ ಅವಳ ಊರು, ಮಡುವಿನಹಳ್ಳಿ. ಊರ ಗೌಡ ಸಿದ್ದಲಿಂಗೇಶನಿಗೆ ಕಾಲುವೆಯ ಆಚೆ ದೊಡ್ಡ ಬಾಳೆತೋಟ. ಕಳೆದ ಬೇಸಿಗೆಯಲ್ಲಿ ಹೊಸಪೇಟೆಯ ಶೋರೂಮಿನಿಂದ ಹೊಸ ಟ್ರ್ಯಾಕ್ಟರ್ ತಂದಿದ್ದ. ಮುಂದೆ ಲೋಡರ್ ಇದ್ದದ್ದು. ಎರಡು ಕಬ್ಬಿಣದ ತೋಳು, ತುದಿಯಲ್ಲಿ ಅಗಲವಾದ ಬಕೆಟ್ಟು. ಗೊಬ್ಬರ ಬಾಚುತ್ತದೆ, ಮಣ್ಣು ಎತ್ತುತ್ತದೆ. ತೋಳುಗಳನ್ನು ಟ್ರ್ಯಾಕ್ಟರಿನ ಮೈಗೆ ಹಿಡಿದಿಡಲು ಎಡಕ್ಕೊಂದು ಬಲಕ್ಕೊಂದು ದಪ್ಪ ಪಟ್ಟಿ, ಬೋಲ್ಟು ಹಾಕಿ ಬಿಗಿದದ್ದು. ಇಡೀ ಲೋಡರಿನ ಭಾರ ಆ ಎರಡು ಪಟ್ಟಿಗಳ ಮೇಲೆ.

ಗೌಡತಿ ಪ್ರತಿ ಅಮಾವಾಸ್ಯೆ ಆ ಪಟ್ಟಿಗಳಿಗೂ ವಿಭೂತಿ ಎಳೆದು ಕುಂಕುಮ ಹಚ್ಚುತ್ತಿದ್ದಳು. ಮುಂದಿನ ಅಮಾವಾಸ್ಯೆಗೆ ಉಚ್ಚೆಂಗಮ್ಮ ತೆಂಗಿನ ನಾರಿನಿಂದ ಅದನ್ನು ಉಜ್ಜಿ ತೆಗೆಯುತ್ತಿದ್ದಳು. ಒಂದು ಸಲ ಎಡಗಡೆಯ ಪಟ್ಟಿಯಲ್ಲಿ ಕುಂಕುಮ ಹೋಗಲೇ ಇಲ್ಲ. ಬೋಲ್ಟಿನ ಪಕ್ಕದಿಂದ ಕೂದಲೆಳೆಯಂಥ ಒಂದು ಕೆಂಪು ಗೆರೆ. ಎಷ್ಟು ತಿಕ್ಕಿದರೂ ಉಳಿಯಿತು. ಉಗುರಿನಿಂದ ಕೆರೆದು ನೋಡಿದಳು. ಉಗುರು ಸಿಕ್ಕಿಕೊಂಡಿತು. ಕಬ್ಬಿಣ ಬಿರಿದಿತ್ತು, ಬಿರುಕಿನೊಳಗೆ ಕುಂಕುಮ ಕೂತಿತ್ತು.

 ಆ ಬಕೆಟ್ಟಿನಲ್ಲಿ ದಿನಾ ಕೂಡುವವಳು ಅವಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೆಳಿಗ್ಗೆ ತೋಟಕ್ಕೆ ಆಳು ಹೊರಡುವಾಗ ಟ್ರ್ಯಾಕ್ಟರಿನ ಹಿಂದೆ ಟ್ರೇಲರ್ ಇರುತ್ತದೆ, ಖಾಲಿ. ಮೇಲಿನ ಓಣಿಯ ಹೆಂಗಸರು ಅದರಲ್ಲಿ ಕಾಲು ಚಾಚಿ ಕೂಡುತ್ತಾರೆ. ಅವರೆಲ್ಲ ಕೂತ ಮೇಲೂ ಅರ್ಧ ಟ್ರೇಲರ್ ಖಾಲಿ ಉಳಿಯುತ್ತದೆ. ಕೇರಿಯ ಹೆಂಗಸರು ಮಾತ್ರ ಮುಂದಿನ ಬಕೆಟ್ಟಿಗೆ. ನಿನ್ನೆ ತಿಪ್ಪೆಗೊಬ್ಬರ ಹೊತ್ತ ಅದೇ ಬಕೆಟ್ಟು. ಡ್ರೈವರ್ ಮೂಕಣ್ಣ ಅದನ್ನು ನೆಲಕ್ಕೆ ಇಳಿಸುತ್ತಾನೆ. ಇವರು ಹತ್ತಿ ಕುಕ್ಕರಗಾಲಲ್ಲಿ ಕೂಡುತ್ತಾರೆ. ಅವನು ಎತ್ತುತ್ತಾನೆ. ಹಿಡಿದುಕೊಳ್ಳಲು ಕಬ್ಬಿಣದ ಅಂಚು ಬಿಟ್ಟರೆ ಏನಿಲ್ಲ. ಗುಂಡಿ ಬಂದಾಗ ಬಳೆ ಒಡೆಯುತ್ತವೆ, ಮುಂಗೈ ತರಚುತ್ತದೆ. ಬಸ್‌ಸ್ಟ್ಯಾಂಡಿನ ಚಹದಂಗಡಿಯಲ್ಲಿ ಕೂತ ಪಡ್ಡೆಗಳು, "ವಿಮಾನ ಬಂತ್ ನೋಡ್ರಲೇ, ವಿಮಾನ!" ಎಂದು ಸಿಳ್ಳೆ ಹೊಡೆಯುತ್ತಾರೆ. ಇವರು ಸೆರಗು ಮುಖಕ್ಕೆ ಎಳೆದುಕೊಳ್ಳುತ್ತಾರೆ.

ಉಚ್ಚೆಂಗಮ್ಮನ ತಂಗಿ ಹೊಳೆಮ್ಮ ಬಾಯಿ ಜೋರಿನವಳು. ಅಕ್ಕತಂಗಿಯರನ್ನು ಒಂದೇ ಮನೆಗೆ ಕೊಟ್ಟಿದ್ದರು, ಒಂದೇ ಒಲೆ. ಅವಳೊಮ್ಮೆ ಗೌಡನನ್ನೇ ಕೇಳಿಬಿಟ್ಟಿದ್ದಳು.

"ದಣಿ, ಟ್ರೇಲರ್‌ನಾಗ ಜಾಗ ಐತಲ್ರಿ. ನಾವೂ ಹಿಂದ ಕುಂದರ್ತೀವಿ."

ಸಿದ್ದಲಿಂಗೇಶ ಸಿಟ್ಟಾಗಲಿಲ್ಲ. ಅವನು ಸಿಟ್ಟಾಗುವವನೇ ಅಲ್ಲ. ಬಿಳಿ ಅಂಗಿ, ಮೆಲ್ಲನೆ ಮಾತು, ಮುಖದಲ್ಲಿ ನಗೆ.

"ಬರೂವಾಗ ಗೊನಿ ಹೇರೋದೈತಿ ಹೊಳೆವ್ವ. ದೇವ್ರಿಗೂ ಅದ್ರಾಗ ಹೋಗ್ತಾವ. ನಿಮಗ ಮುಂದ ಗಾಳಿ ಮಸ್ತ್ ಬರ್ತೈತಿ. ಹತ್ರಿ, ಹತ್ರಿ, ಜಲ್ದಿ."

ದೇವರ ಗೊನೆಗೆ ಟ್ರೇಲರ್, ಕೇರಿಗೆ ಗೊಬ್ಬರದ ಬಕೆಟ್ಟು. ಆ ಗೊನೆಯನ್ನು ಕಡಿದು ತಲೆಯ ಮೇಲೆ ಹೊತ್ತು ತಂದು ಟ್ರೇಲರಿಗೆ ಹಾಕುವವರು ಯಾರು? ಇವರೇ. ಹೊತ್ತರೆ ಏನೂ ಆಗುವುದಿಲ್ಲ, ಪಕ್ಕದಲ್ಲಿ ಕೂತರೆ ಆಗುತ್ತದೆ.

ಉಚ್ಚೆಂಗಮ್ಮ ಆ ಅಮಾವಾಸ್ಯೆಯೇ ಗೌಡನಿಗೆ ಹೇಳಿದಳು. "ದಣಿ, ಎಡಗಡಿ ಪಟ್ಟಿ ಸೀಳೈತ್ರಿ. ಕೈಯಿಟ್ಟು ನೋಡ್ರಿ."

"ನೀನು ತೊಳಿ ಉಚ್ಚೆಂಗಿ," ಅಂದ ಅವನು. ವಯಸ್ಸಿನಲ್ಲಿ ಅವಳಿಗಿಂತ ಎಷ್ಟೋ ಚಿಕ್ಕವನು. "ನೋಡಾಕ ಕಂಪನಿಯೋರು ಅದಾರ. ವಾರಂಟಿ ಐತಿ."

ಕಂಪನಿಯವನು ಬಂದ. ಹೊಸಪೇಟೆ ಶೋರೂಮಿನ ಮೆಕ್ಯಾನಿಕ್, ಕನಕರಾಜ್. ಬೋಲ್ಟು ಬಿಗಿದ, ಚಹ ಕುಡಿದ, ಹೋದ. ಮುಂದಿನ ಅಮಾವಾಸ್ಯೆಗೆ ಗೆರೆ ಬೆರಳುದ್ದ ಆಗಿತ್ತು. ಮತ್ತೆ ಬಂದ. ಈ ಸಲ ವೆಲ್ಡಿಂಗ್ ಹೊಡೆದ. ಮೇಲೆ ಕಂಪನಿಯ ಹಳದಿ ಬಣ್ಣ ಬಳಿದ. ಪಟ್ಟಿ ಹೊಸದರಂತೆ ಮಿರಮಿರ ಮಿಂಚಿತು. ಆಮೇಲೆ ಕೈ ಒರೆಸಿಕೊಳ್ಳುತ್ತ ಕೇಳಿದ: "ಗೌಡ್ರ, ಬಕೆಟ್‌ನಾಗ ಮಂದೀನ ಕುಂದ್ರಸ್ತೀರೇನ್ರಿ? ಮಂದಿ ಕುಂತ್ರ ವಾರಂಟಿ ಕ್ಯಾನ್ಸಲ್ರಿ. ಮ್ಯಾಲಿನೋರು ಭಾಳ ಸ್ಟ್ರಿಕ್ಟ್ ಅದಾರ."

"ಛೇ ಛೇ. ಗೊಬ್ಬರ, ಮಣ್ಣು, ಅಷ್ಟ."

ಉಚ್ಚೆಂಗಮ್ಮ ಕೊಡ ಹಿಡಿದು ಅಲ್ಲೇ ನಿಂತಿದ್ದಳು. ಇಬ್ಬರೂ ಅವಳ ಮುಂದೆಯೇ ಮಾತಾಡಿದರು. ಕಂಬ ನಿಂತಿದ್ದರೆ ಹೇಗೋ ಹಾಗೆ. ಕನಕರಾಜ್ ಬಕೆಟ್ಟಿನೊಳಗೆ ಬಗ್ಗಿ ಏನನ್ನೋ ಹೆಕ್ಕಿದ. ಹಸಿರು ಬಳೆಯ ಚೂರು. ಅವಳ ಕೈ ನೋಡಿದ. ಕೈಯಲ್ಲಿ ಅದೇ ಹಸಿರು ಬಳೆ. ಚೂರನ್ನು ಬೇಲಿಯಾಚೆ ಒಗೆದು, "ನಾ ಏನೂ ನೋಡಿಲ್ಲಪಾ," ಅಂದ. ಗೌಡ ನಕ್ಕ. ಅವನೂ ನಕ್ಕ. ಒಳಗಿನಿಂದ ಚಹ ಬಂತು.

ಹೋಗುವಾಗ ಅವನು ಬೀಡಿ ಹಚ್ಚಿಕೊಂಡು ಮೂಕಣ್ಣನಿಗೆ ಹೇಳಿದ್ದನ್ನು ಮೂಕಣ್ಣ ಆಮೇಲೆ ಉಚ್ಚೆಂಗಮ್ಮನಿಗೆ ಹೇಳಿದ. "ಈ ಮಾಡಲ್ಲೇ ಹಿಂಗಂತವ್ವ. ಸಂಡೂರು ಕಡಿ, ವಡ್ಡು ಕಡಿ, ಎಲ್ಲಾ ಕಡಿ ಇದ ಕಂಪ್ಲೇಂಟಂತ. ಪಟ್ಟಿ ತೆಳ್ಳಗ ಮಾಡ್ಯಾರ. ಬದಲಿ ಕೊಟ್ರ ಎಲ್ಲಾರ್ಗೂ ಕೊಡಬೇಕಾಗ್ತೈತಿ ಅಂತ ವೆಲ್ಡಿಂಗ್ ಹೊಡೀರಿ ಅಂತಾರಂತ."

"ಹಂಗಾರ ನೀ ಯಾಕ ಎತ್ತೀಯಪ್ಪ ನಮ್ಮನ್ನ?"

ಮೂಕಣ್ಣ ನೆಲ ನೋಡಿದ. "ನಾ ಎತ್ತಲಿಲ್ಲಂದ್ರ ಇನ್ನೊಬ್ಬ ಎತ್ತತಾನ. ಮನ್ಯಾಗ ಕೂಸು ಮರಿ ಅದಾವವ್ವ."

ನೋಡಿ, ಯಾರಿಗೂ ಗೊತ್ತಿಲ್ಲದ ಸಂಗತಿಯಲ್ಲ ಇದು. ಕಂಪನಿಗೆ ಗೊತ್ತು, ಮೆಕ್ಯಾನಿಕನಿಗೆ ಗೊತ್ತು, ಗೌಡನಿಗೆ ಗೊತ್ತು, ಡ್ರೈವರಿಗೆ ಗೊತ್ತು. ಗೊತ್ತಿದ್ದೂ ದಿನಾ ಬೆಳಿಗ್ಗೆ ಬಕೆಟ್ಟು ನೆಲಕ್ಕಿಳಿಯುತ್ತಿತ್ತು.

ಅದರ ಮುಂದಿನ ಅಮಾವಾಸ್ಯೆಗೆ ಹಳದಿ ಬಣ್ಣವನ್ನೇ ಸೀಳಿಕೊಂಡು ಕೆಂಪು ಗೆರೆ ಮೇಲೆ ಬಂದಿತ್ತು. ವೆಲ್ಡಿಂಗಿನ ಗಂಟನ್ನು ಬಳಸಿ, ಪಟ್ಟಿಯ ಅಂಚಿನ ಹತ್ತಿರ ಹೋಗಿತ್ತು. ಉಚ್ಚೆಂಗಮ್ಮ ನಾರು ಕೈಬಿಟ್ಟು ಅದನ್ನೇ ನೋಡುತ್ತ ನಿಂತಳು. ಮೆಟ್ಟಿಲ ಮೇಲೆ ಗೌಡತಿ ಬಂದು ನಿಂತದ್ದೂ ತಿಳಿಯಲಿಲ್ಲ. "ಉಚ್ಚೆಂಗೀ, ಸರಿ ಅತ್ಲಾಗ," ಎಂದು ಗೌಡತಿ ಮೊದಲ ಸಲ ಬಾಯಿಬಿಟ್ಟು ಹೇಳಿದಳು.

ಮರುದಿನ ಬೆಳಿಗ್ಗೆ ಉಚ್ಚೆಂಗಮ್ಮ ಬಕೆಟ್ಟು ಹತ್ತಲಿಲ್ಲ. "ನಾ ನಡಕೊಂಡ್ ಬರ್ತೀನಿ," ಅಂದಳು. ಹೊಳೆಮ್ಮ ಇಳಿದಳು. ತಿಪ್ಪಕ್ಕ ಇಳಿದಳು. ಭರಮಮ್ಮ ಇಳಿದಳು. ಕಾಲುವೆಯ ಏರಿ ಹಿಡಿದು ನಡೆದರು. ತೋಟ ಮುಟ್ಟುವ ಹೊತ್ತಿಗೆ ಬಿಸಿಲು ಏರಿತ್ತು. ಗೌಡ ಗೇಟಿನಲ್ಲಿ ಬೈಕಿನ ಮೇಲೆ ಕೂತಿದ್ದ.

"ಹೊತ್ತಾತಲ್ಲ. ಇವತ್ತು ಕೆಲಸಿಲ್ಲ, ಹೋಗ್ರಿ," ಅಂದ, ನಗುತ್ತಲೇ. "ನಾಳಿಂದ ಬಕೀಟ್ನಾಗ ಬರೋರಿದ್ರ ಬರ್ರಿ. ಇಲ್ಲಂದ್ರ ಹಂಪಿ ಕಡಿಂದ ಆಳು ತರ್ತೀನಿ. ಈ ಸುತ್ತಿನ ತೋಟದೋರಿಗೂ ಹೇಳಿರ್ತೀನಿ, ಯಾರೂ ನಿಮ್ಮನ್ನ ಕರಿಯಂಗಿಲ್ಲ."

ಮತ್ತೆ ಏರಿ ಹಿಡಿದು ಹಿಂದಕ್ಕೆ ಬಂದರು. ಆ ದಿನ ಕೇರಿಯಲ್ಲಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಬೆಳಗಾಗುತ್ತಲೇ ಹೊಳೆಮ್ಮ ಬುತ್ತಿ ಕಟ್ಟಿದಳು.

"ಹೊಟ್ಟಿಗೆ ಏನ್ ಹೇಳೂಣಕ್ಕ? ಇಷ್ಟ್ ದಿನ ಮುರೀದ್ದು ಇವತ್ತ ಮುರೀತೈತೇನು? ನಡಿ."

ಹತ್ತಿದರು. ಎಲ್ಲರೂ ಹತ್ತಿದರು. ಉಚ್ಚೆಂಗಮ್ಮನೂ ಹತ್ತಿದಳು. ಹೊಳೆಮ್ಮ ಎಡಗಡೆಯ ತುದಿಗೆ ಕೂತಳು. "ಈ ಕಡಿ ಬಾರೇ, ಅಲ್ಲಿ ಬ್ಯಾಡ," ಅಂದಳು ಅಕ್ಕ. ತಂಗಿ ನಕ್ಕಳು. "ಎಲ್ಲಿ ಕುಂತ್ರೇನು, ಬಕೀಟು ಒಂದ."

ಕಾಲುವೆಯ ತೂಬಿನ ಹತ್ತಿರ ದಾರಿ ಇಳಿಜಾರು. ಹಿಂದಿನ ಸಂಜೆ ನೀರು ಬಿಟ್ಟಿದ್ದರಿಂದ ಕೆಸರು. ಮೂಕಣ್ಣ ನಿಧಾನ ಮಾಡಿದ. ಹಿಂದೆ ಬೈಕಿನಲ್ಲಿದ್ದ ಗೌಡ ಕೂಗಿದ: "ಎತ್ತಲೇ ಬಕೀಟು, ಕೆಸರಾಗ ಹುಗೀತೈತಿ!"

"ಎತ್ತಬ್ಯಾಡಪ್ಪೋ ಮೂಕಣ್ಣಾ!" ಉಚ್ಚೆಂಗಮ್ಮ ಅರಚಿದಳು.

ಎಂಜಿನ್ನಿನ ಸದ್ದಿನಲ್ಲಿ ಅವಳ ಮಾತು ಹೋಯಿತು. ಗೌಡನ ಮಾತು ಮುಟ್ಟಿತು. ಬಕೆಟ್ಟು ಮೇಲೆದ್ದಿತು. ಟ್ರ್ಯಾಕ್ಟರಿನ ಎತ್ತರ ದಾಟಿ ಎದ್ದಿತು. ಟಣ್ ಅಂತ ಒಂದು ಸದ್ದು. ಗುಡಿಯ ಗಂಟೆ ಹೊಡೆದಂಥ ಚೊಕ್ಕ ಸದ್ದು. ಎಡಗಡೆಯ ತೋಳು ಕಳಚಿತು. ಬಕೆಟ್ಟು ಓರೆಯಾಯಿತು. ಹೆಂಗಸರು ಮೊರದಿಂದ ಜೋಳ ಸುರಿದ ಹಾಗೆ ಸುರಿದರು. ಉಚ್ಚೆಂಗಮ್ಮ ಕೆಸರಿನಲ್ಲಿ ಬಿದ್ದಳು, ಬಾಯೊಳಗೆ ಕೆಸರು ಹೋಯಿತು. ಹೊಳೆಮ್ಮ ತೂಬಿನ ಕಲ್ಲಿನ ಮೇಲೆ ಬಿದ್ದಳು. ಅವಳ ಹಿಂದೆಯೇ ಬಕೆಟ್ಟಿನ ಅಂಚು ಬಂದು ಬಿದ್ದಿತು. ಮೊಣಕಾಲಿನ ಮೇಲೆ.

ಹೊಳೆಮ್ಮ ಕಿರುಚಲಿಲ್ಲ. ಅಕ್ಕ ತೆವಳಿಕೊಂಡು ಹತ್ತಿರ ಹೋದಾಗ ಅವಳ ಗಲ್ಲ ಹಿಡಿದು ಮುಖ ತಿರುಗಿಸಿದಳು. "ನೋಡಬ್ಯಾಡಕ್ಕ. ನನ್ ಕಾಲು ನೋಡಬ್ಯಾಡ."

ಬಕೆಟ್ಟು ಎತ್ತಬೇಕಿತ್ತು. ಕೇರಿಯ ಹೆಂಗಸರು ಎತ್ತಿದರು, ಏಳಲಿಲ್ಲ. ಮೂಕಣ್ಣ ಹೆಗಲು ಕೊಟ್ಟ, ಏಳಲಿಲ್ಲ. ಟ್ರೇಲರಿನಲ್ಲಿದ್ದವರು ನಿಂತು ನೋಡುತ್ತಿದ್ದರು. ಅವರಲ್ಲಿ ಹಂಪಮ್ಮ ಎಂಬವಳು ಮೊದಲು ಜಿಗಿದಳು. ಅವಳು ಬಂದು ಕೈ ಹಚ್ಚಿದಳು, ಮಿಕ್ಕವರೂ ಬಂದರು. ಎಲ್ಲರ ಕೈಯೂ ಒಂದೇ ಅಂಚಿನ ಮೇಲೆ ಬಿತ್ತು. ಬಕೆಟ್ಟು ಎದ್ದಿತು. ಹಂಪಮ್ಮ ತನ್ನ ಸೀರೆಯ ಸೆರಗು ಪರ್ರನೆ ಹರಿದು ಹೊಳೆಮ್ಮನ ತೊಡೆಗೆ ಬಿಗಿದಳು.

ಗೌಡ ಫೋನಿನಲ್ಲಿದ್ದ. ಅವನು ಮೊದಲು ಫೋನ್ ಹಚ್ಚಿದ್ದು ಆಂಬುಲೆನ್ಸಿಗಲ್ಲ, ಶೋರೂಮಿಗೆ. "ಮುರದೇ ಬಿಡ್ತಲ್ರೀ. ವಾರಂಟಿಯಾಗ ಪೂರಾ ಲೋಡರ್ ಬದಲಿ ಆಗಬೇಕು ನೋಡ್ರಿ," ಅನ್ನುತ್ತಿದ್ದ. ಮೂಕಣ್ಣ ಪಕ್ಕದಲ್ಲೇ ನಿಂತು ಅದಷ್ಟನ್ನೂ ಕೇಳಿಸಿಕೊಂಡ. ಬಾಳೆ ಹೇರಲು ಬಂದಿದ್ದ ಟಂಟಂ ಗಾಡಿಯಲ್ಲಿ ಹೊಳೆಮ್ಮನನ್ನು ಮಲಗಿಸಿದರು. ಬಳ್ಳಾರಿಯ ದೊಡ್ಡಾಸ್ಪತ್ರೆಯಲ್ಲಿ ಮೊಣಕಾಲಿನ ಮೇಲಕ್ಕೆ ಕಾಲು ತೆಗೆದರು. ಕಣ್ಣು ತೆರೆದ ಹೊಳೆಮ್ಮ ಬುತ್ತಿಗಂಟು ಎಲ್ಲಿ ಅಂತ ಕೇಳಿದಳು. ಉಚ್ಚೆಂಗಮ್ಮ ಹೊರಗೆ ಬಂದು ಗೋಡೆಗೆ ಹಣೆ ಹಚ್ಚಿ ಅತ್ತಳು.

ತಂಗಿಯನ್ನು ಆಸ್ಪತ್ರೆಯಲ್ಲೇ ಬಿಟ್ಟು ಅವಳು ಊರಿಗೆ ವಾಪಸು ಬಂದ ಸಂಜೆ ಸಿದ್ದಲಿಂಗೇಶ ಕೇರಿಗೆ ಬಂದ. ಎಲೆಕ್ಷನ್ ಬಿಟ್ಟರೆ ಅವನು ಆ ಕಡೆ ಬಂದವನಲ್ಲ. ಬೈಕಿನಿಂದ ಇಳಿಯಲಿಲ್ಲ, ಎಂಜಿನ್ ಆರಿಸಲಿಲ್ಲ. ಹಿಂದೆ ಇನ್ನೂ ಮೂರು ಬೈಕು.

"ಭಾಳ ಕೆಟ್ಟ ಆತು," ಅಂದ. "ಏರಿ ಮ್ಯಾಲಿಂದ ಜಾರಿ ಬಿದ್ಲು, ಪಾಪ. ಗಾಡಿ ಖಾಲಿ ಇತ್ತು. ಹೌದಲ್ಲ?"

ಉತ್ತರಕ್ಕೆ ಅವನು ಕಾಯಲಿಲ್ಲ.

"ಅಮಾಸಿ ದಿನ ಕಂಪನಿಯ ದೊಡ್ಡ ಸಾಹೇಬ್ರು ಗಾಡಿ ನೋಡಾಕ ಬರ್ತಾರ. ನಿಮ್ಮನ್ನ ಕೇಳಿದ್ರ ಹಂಗ ಹೇಳ್ರಿ. ಆಸ್ಪತ್ರಿದು ನಾ ನೋಡ್ಕೊಂತೀನಿ. ಬಕೀಟ್ನಾಗ ಕುಂತಿದ್ವಿ ಅಂದ್ರೋ, ನನಗೇನಾಗಲ್ಲ. ಎತ್ತಿದ್ದು ಮೂಕಣ್ಣ. ಜೈಲಿಗೆ ಅವ ಹೋಗ್ತಾನ. ಅವನ ಕೂಸುಗಳ ಪಾಪ ನಿಮಗ ಬರ್ತೈತಿ." ಉಚ್ಚೆಂಗಮ್ಮನ ಗುಡಿಸಲಿನ ಸೋಗೆಯನ್ನು ನೋಡಿದ. "ಒಣಗೈತಲ್ಲ, ಉಚ್ಚೆಂಗಿ. ಬಿಸಿಲು ಭಾಳ ಐತಿ. ಜ್ವಾಕಿ."

ಅಂದಿನಿಂದ ಸಂಜೆಯಾದರೆ ಬೈಕುಗಳು ಕೇರಿಯ ಸುತ್ತ ಒಂದು ಸುತ್ತು ಹಾಕುತ್ತಿದ್ದವು. ಏನೂ ಮಾಡುತ್ತಿರಲಿಲ್ಲ. ದೀಪ ಹಚ್ಚಿಕೊಂಡು ನಿಧಾನಕ್ಕೆ ಬಂದು, ನಿಧಾನಕ್ಕೆ ಹೋಗುತ್ತಿದ್ದವು. ನಾಯಿಗಳು ಕೂಡ ಬೊಗಳುವುದು ಬಿಟ್ಟವು.

ಅಮಾವಾಸ್ಯೆ ಬಂತು. ಬೆಳಕು ಹರಿಯುತ್ತಲೇ ಗೌಡನ ಮನೆಯಿಂದ ಕರೆ. ಬೇಗ ತೊಳೆಯಬೇಕು, ಸಾಹೇಬರು ಹೊಸಪೇಟೆ ಬಿಟ್ಟಿದ್ದಾರಂತೆ. ಉಚ್ಚೆಂಗಮ್ಮ ಕೊಡ, ನಾರು ಹಿಡಿದು ಹೋದಳು. ಅವಳ ಹಿಂದೆ ತಿಪ್ಪಕ್ಕ, ಭರಮಮ್ಮ, ಮಿಕ್ಕವರೂ ಹೋಗಿ ಗೇಟಿನ ಹೊರಗೆ ನಿಂತರು. ಯಾಕೆ ಬಂದಿರಿ ಅಂತ ಅವಳೂ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಅಲ್ಲಿಯವರೆಗೆ ತೂಬಿನ ಹತ್ತಿರವೇ ಬಿದ್ದಿದ್ದ ಟ್ರ್ಯಾಕ್ಟರನ್ನು ಹಿಂದಿನ ರಾತ್ರಿ ಎಳೆದು ತಂದು ಅಂಗಳದಲ್ಲಿ ನಿಲ್ಲಿಸಿದ್ದರು. ಮುರಿದ ಲೋಡರ್ ಒಂದು ಕಡೆ ವಾಲಿಕೊಂಡಿತ್ತು. ಬಕೆಟ್ಟು ನೆಲದ ಮೇಲೆ. ಅದರ ಅಂಚಿನಲ್ಲಿ ರಕ್ತ ಕಪ್ಪಾಗಿ ಹೆಪ್ಪುಗಟ್ಟಿತ್ತು. ಮೂಲೆಯಲ್ಲಿ ಬಳೆಚೂರು. ಹೊಳೆಮ್ಮನ ಒಂದು ಚಪ್ಪಲಿ ಸಿಕ್ಕಿಕೊಂಡು ಅಲ್ಲೇ ಒಣಗಿತ್ತು. 

"ಮೊದಲು ಬಕೀಟು ತೊಳಿ," ಅಂದ ಗೌಡ. "ಚೊಕ್ಕ ಆಗಬೇಕು. ಸೋಪಿನ ಪುಡಿ ಹಾಕು."

ಉಚ್ಚೆಂಗಮ್ಮ ನಾರು ನೀರಿನಲ್ಲಿ ಅದ್ದಿದಳು. ಬಗ್ಗಿದಳು. ಆ ರಕ್ತ ಅವಳ ಮನೆಯ ರಕ್ತ. ಅವಳದೇ ತಾಯಿಯ ಹೊಟ್ಟೆಯಿಂದ ಬಂದ ರಕ್ತ. ಅದನ್ನು ಅವಳ ಕೈಯಿಂದಲೇ ತೊಳೆಸಿ, ಮೇಲೆ ಕುಂಕುಮ ಹಚ್ಚಿ, ಹೊಸ ಲೋಡರ್ ತರುತ್ತಾರೆ. ಆ ಹೊಸ ಬಕೆಟ್ಟಿನಲ್ಲಿ ನಾಳೆ ತಿಪ್ಪಕ್ಕ ಕೂಡಬೇಕು, ಭರಮಮ್ಮ ಕೂಡಬೇಕು. ಕೈ ಮುಂದೆ ಹೋಗಲಿಲ್ಲ. 

ಅವಳು ಕೊಡವನ್ನು ಬೋರಲು ಹಾಕಿದಳು. ನೀರು ಅಂಗಳದ ತುಂಬ ಹರಿದು ಗೌಡನ ಚಪ್ಪಲಿ ತೋಯಿಸಿತು.

"ತೊಳಿಯಂಗಿಲ್ಲ."

"ಏನಂದಿ?"

"ತೊಳಿಯಂಗಿಲ್ಲ ಅಂದೆ."

ಬಕೆಟ್ಟು ಹತ್ತಿ ಎಡಗಡೆಯ ತುದಿಗೆ ಕುಕ್ಕರಗಾಲಲ್ಲಿ ಕೂತಳು. ಹೊಳೆಮ್ಮ ಕೂತಿದ್ದ ಜಾಗ. ಚಪ್ಪಲಿ ಬಿಡಿಸಿ ತೊಡೆಯ ಮೇಲೆ ಇಟ್ಟುಕೊಂಡಳು. ಗೇಟಿನ ಸದ್ದಾಯಿತು. ತಿಪ್ಪಕ್ಕ ಒಳಗೆ ಬಂದು ಹತ್ತಿದಳು. ಭರಮಮ್ಮ ಹತ್ತಿದಳು. ಉಳಿದವರೂ ಹತ್ತಿ ದಿನಾ ಹೇಗೆ ಕೂಡುತ್ತಿದ್ದರೋ ಹಾಗೇ, ಮೈಗೆ ಮೈ ಒತ್ತಿಕೊಂಡು ಕೂತರು. ಸೆರಗು ಮಾತ್ರ ಯಾರೂ ಮುಖಕ್ಕೆ ಎಳೆದುಕೊಳ್ಳಲಿಲ್ಲ.

"ಇಳೀರಿ," ಅಂದ ಗೌಡ. ನಗೆ ಇರಲಿಲ್ಲ. "ಇಳೀರಿ ಅಂದ್ರ ಇಳೀರಲೇ! ನಾಯಿಗಳಾ!"

ದಿನಾ 'ಹತ್ರಿ, ಹತ್ರಿ' ಅನ್ನುತ್ತಿದ್ದ ಬಾಯಿ ಅದು. ಮೆಟ್ಟಿಲ ಮೇಲೆ ಗೌಡತಿ ಆರತಿ ತಟ್ಟೆ ಹಿಡಿದು ನಿಂತೇ ಇದ್ದಳು. ಇವರು ಸರಿಯಲಿಲ್ಲ, ಅವಳು ಇಳಿಯಲಿಲ್ಲ.

"ಮೂಕಣ್ಣ, ಎಳದು ಹಾಕು ಇವರನ್ನ!"

ಗೋಡೆಗೆ ಒರಗಿ ನಿಂತಿದ್ದ ಮೂಕಣ್ಣ ಮುಂದೆ ಬಂದ. ಬಕೆಟ್ಟಿನ ಮುಂದೆ ನಿಂತ, ಇವರಿಗೆ ಬೆನ್ನು ಹಾಕಿ, ಗೌಡನಿಗೆ ಮುಖ ಮಾಡಿ.  "ಎತ್ತಿದ್ದು ನಾನ್ರಿ ದಣಿ. ಪೊಲೀಸ್ರು ಬರ್ಲಿ, ಹೇಳ್ತೀನಿ. ಎತ್ತಲೇ ಅಂದೋರು ನೀವು. ಅದನ್ನೂ ಹೇಳ್ತೀನಿ."

ಅಷ್ಟರಲ್ಲಿ ಬಿಳಿ ಕಾರು ಬಂತು. ಕನಕರಾಜ್ ಇಳಿದ. ಅವನ ಹಿಂದೆ ಇಸ್ತ್ರಿ ಅಂಗಿಯ ಸಾಹೇಬ, ಕೈಯಲ್ಲಿ ಫೋಟೋಗೆಂದು ಎತ್ತಿ ಹಿಡಿದ ಫೋನು. ಸಾಹೇಬ ಮುರಿದ ಪಟ್ಟಿ ನೋಡಿದ, ರಕ್ತ ನೋಡಿದ, ಬಕೆಟ್ಟಿನ ತುಂಬ ಕೂತ ಹೆಂಗಸರನ್ನು ನೋಡಿದ. "ಇವರು ಯಾರು? ಇಲ್ಲಿ ಯಾಕೆ ಕೂತಿದ್ದಾರೆ?"

"ದಿನಾ ಇಲ್ಲೇ ಕುಂದರ್ತೀವ್ರಿ," ಅಂದಳು ಉಚ್ಚೆಂಗಮ್ಮ. "ನಿಮ್ಮ ಪಟ್ಟಿ ತೆಳ್ಳಗೈತಿ ಅಂತ ನಿಮಗ ಗೊತ್ತಿತ್ತು. ಕುಂದರ್ತೀವಿ ಅಂತ ನಿಮ್ಮ ಈ ಮೆಕ್ಯಾನಿಕನಿಗೂ ಗೊತ್ತಿತ್ತು." ಬಳೆಚೂರು ಹೆಕ್ಕಿ ಕನಕರಾಜನ ಕಡೆ ಚಾಚಿದಳು. "ತಗಳಪ್ಪ. ಹಿಂದಿಂದು ಬೇಲಿ ಆಚಿ ಒಗದಿ. ಇದನ್ನ ಎಲ್ಲಿ ಒಗೀತಿ?"

ಕನಕರಾಜ್ ಕೈ ಚಾಚಲಿಲ್ಲ. ಸಾಹೇಬ ಫೋನು ಕೆಳಗಿಳಿಸಿದ. "ಫೋಟೋ ಹೊಡೀರಿ," ಅಂದಳು ಅವಳು. "ರಕ್ತನೂ ಹೊಡೀರಿ, ನಮ್ಮನ್ನೂ ಹೊಡೀರಿ. ಪೊಲೀಸ್ರನ್ನ ಕರೀರಿ. ಅಲ್ಲೀ ತನ ನಾವು ಇಳಿಯಂಗಿಲ್ಲ."

ಗೇಟಿನ ಹೊರಗೆ ಜನ ಸೇರಿದ್ದರು. ಹರಿದ ಸೆರಗಿನ ಹಂಪಮ್ಮನೂ ಇದ್ದಳು. ಅವಳು ಒಳಗೆ ಬರಲಿಲ್ಲ. ಕರೆಯಲು ಬಂದ ಗಂಡನ ಜೊತೆ ಹೋಗಲೂ ಇಲ್ಲ.

ಸಿದ್ದಲಿಂಗೇಶ ಬಕೆಟ್ಟಿನ ಹತ್ತಿರ ಬಂದು ಬಗ್ಗಿದ. ಅವಳಿಗೊಬ್ಬಳಿಗೇ ಕೇಳುವ ಹಾಗೆ ಹೇಳಿದ: "ಸಂಜಿ ಆಗ್ಲಿ ಉಚ್ಚೆಂಗಿ. ಕೇರಿಗೆ ಬರ್ತೀನಿ."

ಉಚ್ಚೆಂಗಮ್ಮ ಎಲ್ಲರಿಗೂ ಕೇಳುವ ಹಾಗೆ ಹೇಳಿದಳು: "ಬಾ. ಬರೂವಾಗ ಬಕೀಟ್ನಾಗ ಕುಂತು ಬಾ."